ಕೊಚ್ಚಿ ಕಾರ್ನಿವಲ್: ಅಜ್ಜನಿಗೆ ಬೆಂಕಿ, ಆಡಳಿತಕ್ಕೆ ಬಿಸಿ

ಹುಲ್ಲು, ಗೋಣಿ ಹಾಗೂ ಹಳೆಯ ಬಟ್ಟೆಗಳನ್ನು ತುಂಬಿ ಮಾಡಿದ ಅಜ್ಜನೊಬ್ಬನನ್ನು ಸುಡಬಹುದೇ, ಸುಡಬಾರದೇ ಎಂಬ ಪ್ರಶ್ನೆ 2024ರ ಡಿಸೆಂಬರ್ ಕೊನೆಯ ವಾರದಲ್ಲಿ ಕೇರಳ ಹೈಕೋರ್ಟಿನ ಮೆಟ್ಟಿಲೇರಿತ್ತು. ಫೋರ್ಟ್ ಕೊಚ್ಚಿಯ ವೆಳಿ ಮೈದಾನದಲ್ಲಿ ಸ್ಥಳೀಯ ಸಂಘಟನೆಯೊಂದು ನಿಲ್ಲಿಸಿದ್ದ ಸುಮಾರು 50 ಅಡಿ ಎತ್ತರದ ಪ್ರತಿಕೃತಿಯನ್ನು ತೆರವುಗೊಳಿಸುವಂತೆ ಪೊಲೀಸರು ನೋಟಿಸ್ ನೀಡಿದ್ದರು. ಅಲ್ಲಿಂದ ಸ್ವಲ್ಪ ದೂರದಲ್ಲಿರುವ ಪರೇಡ್ ಮೈದಾನದಲ್ಲಿ ಅದೇ ರಾತ್ರಿ, ಅದೇ ಗಳಿಗೆಗೆ ಇನ್ನೊಬ್ಬ ಅಜ್ಜನ ದಹನ ನಡೆಯಬೇಕಿತ್ತು. ಎರಡೂ ಕಡೆ ಬಂದೋಬಸ್ತು ಒದಗಿಸುವುದು ಕಷ್ಟ ಎಂಬುದು ಪೊಲೀಸರ ವಾದವಾಗಿತ್ತು. ನ್ಯಾಯಾಲಯವು ಸುರಕ್ಷತೆಯ ಷರತ್ತುಗಳನ್ನು ವಿಧಿಸಿ ವೆಳಿ ಮೈದಾನದ ದಹನಕ್ಕೆ ಅನುಮತಿ ನೀಡಿತು.

ಅಷ್ಟರಲ್ಲಿ ಡಿಸೆಂಬರ್ 26ರಂದು ಮಾಜಿ ಪ್ರಧಾನಿ ಮನಮೋಹನ್ ಸಿಂಗ್ ನಿಧನರಾದರು. ಏಳು ದಿನಗಳ ಶೋಕಾಚರಣೆ ಘೋಷಣೆಯಾದ ಕಾರಣ ಪರೇಡ್ ಮೈದಾನದ ಅಧಿಕೃತ ಕಾರ್ಯಕ್ರಮ ರದ್ದಾಯಿತು. ಪೊಲೀಸರು ಬೇಡವೆಂದಿದ್ದ ಅಜ್ಜನೇ ಆ ವರ್ಷ ಉರಿದುಹೋದ; ಅವರು ಒಪ್ಪಿದ್ದ ಅಜ್ಜನಿಗೆ ಆ ರಾತ್ರಿ ಬೆಂಕಿ ಬೀಳಲಿಲ್ಲ.

ಮೇಲ್ನೋಟಕ್ಕೆ ಇದೊಂದು ತಮಾಷೆಯ ಪ್ರಸಂಗದಂತೆ ಕಾಣಬಹುದು. ಆದರೆ ನಾಲ್ಕು ದಶಕಗಳನ್ನು ದಾಟಿದ ಕೊಚ್ಚಿನ್ ಕಾರ್ನಿವಲ್ ಎದುರಿಸುತ್ತಿರುವ ಬಿಕ್ಕಟ್ಟಿನ ತಿರುಳು ಇದರಲ್ಲಿಯೇ ಅಡಗಿದೆ. ಕೇರಿಯ ಹುಡುಗರು ಕೇರಿಗಾಗಿ ಕಟ್ಟಿದ ಹಬ್ಬವೊಂದು ಇಡೀ ರಾಜ್ಯದ, ಅಷ್ಟೇಕೆ ನೆರೆರಾಜ್ಯಗಳ ಹಬ್ಬವಾಗಿ ಬೆಳೆದಾಗ ಅದರ ಹೊಣೆ ಯಾರದು? ಜನ ಸೇರುವುದನ್ನು ತಡೆಯುವುದೇ ಸುರಕ್ಷತೆಯೇ, ಅಥವಾ ಸೇರಿದ ಜನರನ್ನು ಮನೆಗೆ ತಲುಪಿಸುವುದೇ?

ಹಬ್ಬದ ಹುಟ್ಟು

ಪ್ರವಾಸಿ ಕೈಪಿಡಿಗಳಲ್ಲಿ ಇದನ್ನು ಪೋರ್ಚುಗೀಸರ ಕಾಲದ ಹಬ್ಬವೆಂದು ವರ್ಣಿಸುವುದುಂಟು. ಅದು ಪೂರ್ಣ ಸತ್ಯವಲ್ಲ. ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟಿದ್ದು 1503ರಲ್ಲಿ. 1663ರಲ್ಲಿ ಡಚ್ಚರು, 1795ರಲ್ಲಿ ಬ್ರಿಟಿಷರು ಊರನ್ನು ವಶಪಡಿಸಿಕೊಂಡರು. ಹೊಸ ವರ್ಷವನ್ನು ಸಂಭ್ರಮದಿಂದ ಬರಮಾಡಿಕೊಳ್ಳುವ ವಾಡಿಕೆ ಆ ಸಂಪರ್ಕದ ಫಲವೆಂಬುದನ್ನು ಒಪ್ಪಬಹುದು. ಆದರೆ ಇಂದಿನ ಕಾರ್ನಿವಲ್‌ಗೆ ನಿಖರವಾದ ಜನ್ಮದಿನವಿದೆ. ವಿಶ್ವಸಂಸ್ಥೆಯು 1985ನ್ನು ಅಂತಾರಾಷ್ಟ್ರೀಯ ಯುವ ವರ್ಷವೆಂದು ಘೋಷಿಸಿದ್ದನ್ನು ನೆಪವಾಗಿಟ್ಟುಕೊಂಡು ಊರಿನ ಮೂವರು ಯುವಕರು ಕಡಲತೀರದಲ್ಲಿ ಉತ್ಸವವೊಂದನ್ನು ನಡೆಸಲು ಹೊರಟರು. 1984ರ ಡಿಸೆಂಬರ್ 9ರಂದು ಆರಂಭವಾದ ಆ ಉತ್ಸವ ತಿಂಗಳ ಕೊನೆಯ ಮಧ್ಯರಾತ್ರಿಯವರೆಗೆ ನಡೆಯಿತು. ಸುಮಾರು 150 ಕ್ಲಬ್‌ಗಳು ಕೈಜೋಡಿಸಿದವು.

ಕ್ಲಬ್ ಎಂದೊಡನೆ ಇಸ್ಪೀಟಿನ ಮನೆಗಳನ್ನು ಕಲ್ಪಿಸಿಕೊಳ್ಳಬೇಕಿಲ್ಲ. ಕೇರಳದ ಕರಾವಳಿಯಲ್ಲಿ ಆಟದ ಬಳಗ, ವಾಚನಾಲಯ, ಕಲಾಸಂಘ ಎಲ್ಲಕ್ಕೂ ಇದೇ ಹೆಸರು. ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಯುವಕ ಮಂಡಲಗಳಂತೆ. ಹಗ್ಗ ಜಗ್ಗಾಟ, ಈಜು, ಸೈಕಲ್ ಓಟ, ಕಡಲತೀರದ ಕಾಲ್ಚೆಂಡು, ನೆಲದ ಮೇಲೆ ರಂಗೋಲಿ ಬಿಡಿಸುವ ಸ್ಪರ್ಧೆ ಇವೇ ಹಬ್ಬದ ಜೀವಾಳವಾಗಿದ್ದವು. ಜನವರಿ 1ರಂದು ಆನೆ, ಪಂಚವಾದ್ಯ, ಸ್ತಬ್ಧಚಿತ್ರ ಹಾಗೂ ವೇಷಧಾರಿಗಳ ಮೆರವಣಿಗೆಯೊಂದಿಗೆ ಹಬ್ಬ ಮುಗಿಯುವುದು ಕ್ರಮ. ಕ್ರೈಸ್ತರ ಹಬ್ಬದ ಋತುವಿನಲ್ಲಿ ನಡೆಯುವ ಮೆರವಣಿಗೆಗೆ ದೇವಸ್ಥಾನದ ಉತ್ಸವದ ಆನೆ ಮತ್ತು ವಾದ್ಯ ಮುಂದಾಳಾಗಿರುವುದು ಆ ಊರಿನ ಸ್ವಭಾವವನ್ನು ಹೇಳುತ್ತದೆ. ಪಕ್ಕದ ಮಟ್ಟಾಂಚೇರಿಯಲ್ಲಿ ಗುಜರಾತಿಗಳಿದ್ದಾರೆ, ಕಚ್ಛೀ ಮೇಮನರಿದ್ದಾರೆ, ತಮಿಳರಿದ್ದಾರೆ. ಗೋವೆಯಿಂದ ವಲಸೆ ಹೊರಟು ಮಂಗಳೂರು, ಕುಮಟಾ ಕಡೆ ನೆಲೆಸಿದವರ ಬಂಧುಗಳೇ ಆದ ಕೊಂಕಣಿಗರ ದೊಡ್ಡ ಸಮುದಾಯ ತಿರುಮಲ ದೇವಸ್ವಂ ಸುತ್ತ ಬಾಳುತ್ತಿದೆ.

ಈ ಹಬ್ಬದ ಅಜ್ಜನ ಹೆಸರು ಪಪ್ಪಾಂಜಿ. ಸ್ಥಳೀಯರ ಬಾಯಲ್ಲಿ ಅದಕ್ಕೆ ಅಜ್ಜ ಎಂದೇ ಅರ್ಥ. ಕಳೆದುಹೋಗುವ ವರ್ಷವೇ ಮುದುಕನಾಗಿ, ಕೋಟು ತೊಟ್ಟು ನಿಂತಿರುತ್ತಾನೆ. ಮಧ್ಯರಾತ್ರಿ ಅವನನ್ನು ಸುಟ್ಟು ಹೊಸ ವರ್ಷವನ್ನು ಸ್ವಾಗತಿಸಲಾಗುತ್ತದೆ. ಗೋವೆಯಲ್ಲೂ ಅದಕ್ಕೆ ತಾಗಿಕೊಂಡ ನಮ್ಮ ಕಾರವಾರದ ಕಡೆಯಲ್ಲೂ 'ಓಲ್ಡ್ ಮ್ಯಾನ್' ದಹನ ಪರಿಚಿತವಾದುದೇ. ಅಲ್ಲಿ ಅದು ಮಕ್ಕಳ ಆಟ. ದಾರಿಹೋಕರಿಂದ ಚಿಲ್ಲರೆ ಕಾಸು ಸಂಗ್ರಹಿಸಿ, ಓಣಿಯ ತುದಿಯಲ್ಲಿ ಸುಟ್ಟು, ಪಟಾಕಿ ಹಾರಿಸಿ ಮನೆಗೆ ಹೋಗುತ್ತಾರೆ. ಫೋರ್ಟ್ ಕೊಚ್ಚಿಯಲ್ಲೂ ಓಣಿಗೊಂದು, ಕ್ಲಬ್ಬಿಗೊಂದು ಪುಟ್ಟ ಪಪ್ಪಾಂಜಿ ಇಂದಿಗೂ ಇರುತ್ತಾನೆ. ಆದರೆ ಕ್ಯಾಮೆರಾಗಳು ತಿರುಗುವುದು ಮೈದಾನದ ದೈತ್ಯನ ಕಡೆಗೆ ಮಾತ್ರ. ದಹನದ ಆ ಹತ್ತು ನಿಮಿಷಗಳು ಉಳಿದ ಇಡೀ ಕಾರ್ನಿವಲ್ಲನ್ನು ನುಂಗಿಹಾಕಿವೆ. ಹೊರಗಿನಿಂದ ಬರುವವರಲ್ಲಿ ಎಷ್ಟು ಮಂದಿಗೆ ರಂಗೋಲಿ ಸ್ಪರ್ಧೆಯ ವಿಷಯ ತಿಳಿದಿರುತ್ತದೆ?

2022ರ ರಾತ್ರಿ

ಮೊದಲು ಪಪ್ಪಾಂಜಿಯ ದಹನ ಕಡಲತೀರದಲ್ಲೇ ನಡೆಯುತ್ತಿತ್ತು. ಕೊರೆತದಿಂದ ಮರಳುದಂಡೆ ಕಿರಿದಾಗುತ್ತ ಬಂದ ಮೇಲೆ ಅದು ಪರೇಡ್ ಮೈದಾನಕ್ಕೆ ಸ್ಥಳಾಂತರಗೊಂಡಿತು. ಈ ಬದಲಾವಣೆಯ ಪರಿಣಾಮವನ್ನು ಯಾರೂ ಆಗ ಗಂಭೀರವಾಗಿ ಪರಿಗಣಿಸಿದಂತಿಲ್ಲ. ಕಡಲತೀರಕ್ಕೆ ಒಂದು ಬದಿ ತೆರೆದಿರುತ್ತದೆ. ನೂಕಾಟವಾದರೆ ಜನ ಮರಳಿನುದ್ದಕ್ಕೆ ಚದುರಿಹೋಗುತ್ತಾರೆ. ಮೈದಾನಕ್ಕಾದರೋ ನಾಲ್ಕೂ ಕಡೆ ಹಳೆಯ ಕಟ್ಟಡಗಳು. ಹೊರಬರಬೇಕಾದರೆ ಡಚ್ಚರ ಮತ್ತು ಬ್ರಿಟಿಷರ ಕಾಲದ ಅಳತೆಯ ಬೀದಿಗಳೇ ಗತಿ. ಕುದುರೆಗಾಡಿಗಳಿಗೆಂದು ರೂಪಿಸಿದ ಆ ಬೀದಿಗಳಲ್ಲಿ ಇಂದು ಎರಡೂ ಬದಿಗೆ ಹೋಂಸ್ಟೇಗಳು, ಕಾಫಿ ಅಂಗಡಿಗಳು, ಅವುಗಳ ಮುಂದೆ ನಿಲ್ಲಿಸಿದ ಸ್ಕೂಟರುಗಳು.

ಕೋವಿಡ್ ಕಾರಣದಿಂದ 2020ರಲ್ಲಿ ಕಾರ್ನಿವಲ್ ನಡೆಯಲಿಲ್ಲ. 2021ರ ವರ್ಷಾಂತ್ಯಕ್ಕೆ ಕೇರಳ ಸರ್ಕಾರ ರಾತ್ರಿ ಕರ್ಫ್ಯೂ ವಿಧಿಸಿತ್ತು. ಎರಡು ವರ್ಷ ಅದುಮಿಟ್ಟ ಉತ್ಸಾಹವೆಲ್ಲ 2022ರ ಡಿಸೆಂಬರ್ 31ರಂದು ಒಮ್ಮೆಗೇ ಚಿಮ್ಮಿತು. ಮುಂದೂಡಲ್ಪಟ್ಟಿದ್ದ ಕೊಚ್ಚಿ-ಮುಜಿರಿಸ್ ಬಿಯೆನಾಲೆ ಕಲಾಪ್ರದರ್ಶನ ಡಿಸೆಂಬರ್ 23ರಂದಷ್ಟೇ ಆರಂಭವಾಗಿದ್ದರಿಂದ ಊರಿನಲ್ಲಿ ಅದಾಗಲೇ ಪ್ರವಾಸಿಗರು ತುಂಬಿದ್ದರು. ಇವೆಲ್ಲದರ ನಡುವೆ ಪಪ್ಪಾಂಜಿಯ ಮುಖ ಪ್ರಧಾನಿ ನರೇಂದ್ರ ಮೋದಿಯವರನ್ನು ಹೋಲುತ್ತದೆ ಎಂದು ಬಿಜೆಪಿ ಕಾರ್ಯಕರ್ತರು ಪ್ರತಿಭಟಿಸಿ, ಸಂಘಟಕರು ಅಜ್ಜನ ಮುಖವನ್ನೇ ಬದಲಿಸಬೇಕಾಗಿ ಬಂತು. ಆ ವಾರದ ಚರ್ಚೆಯೆಲ್ಲ ಮುಖದ ಸುತ್ತ ನಡೆಯಿತು. ಮೈದಾನದ ಬಾಗಿಲುಗಳ ಬಗ್ಗೆ ನಡೆಯಲಿಲ್ಲ.

ಆ ರಾತ್ರಿ ಲಕ್ಷಾಂತರ ಮಂದಿ ಸೇರಿದರು. ದಹನ ಮುಗಿದ ಕ್ಷಣದಲ್ಲಿ ಎಲ್ಲರೂ ಒಟ್ಟಿಗೆ ಹೊರಟಾಗ ಬೀದಿಗಳಲ್ಲಿ ಉಸಿರುಗಟ್ಟುವ ಸ್ಥಿತಿ ಉಂಟಾಯಿತು, ಅನೇಕರು ಅಸ್ವಸ್ಥರಾದರು. ದೊಡ್ಡ ದುರಂತವಾಗಲಿಲ್ಲವೆಂಬುದು ಅದೃಷ್ಟವೇ ಹೊರತು ವ್ಯವಸ್ಥೆಯ ಹೆಗ್ಗಳಿಕೆಯಲ್ಲ. ಅದಕ್ಕೆ ಎರಡು ತಿಂಗಳು ಮೊದಲು, ಅಕ್ಟೋಬರ್ 29ರಂದು, ದಕ್ಷಿಣ ಕೊರಿಯಾದ ಸೋಲ್ ನಗರದ ಇಟೆವಾನ್ ಬಡಾವಣೆಯ ಇಳಿಜಾರು ಓಣಿಯೊಂದರಲ್ಲಿ ಹ್ಯಾಲೋವೀನ್ ಆಚರಿಸಲು ಬಂದಿದ್ದವರ ಪೈಕಿ 159 ಮಂದಿ ಪ್ರಾಣ ಕಳೆದುಕೊಂಡಿದ್ದರು. ಅಲ್ಲಿಯೂ ಬೆಂಕಿ ಬಿದ್ದಿರಲಿಲ್ಲ, ಕಟ್ಟಡ ಕುಸಿದಿರಲಿಲ್ಲ. ಕಿರಿದಾದ ಓಣಿ ಮತ್ತು ಮಿತಿಮೀರಿದ ಜನ, ಅಷ್ಟೇ.

ಕೊಚ್ಚಿಗೆ ತನ್ನದೇ ಅಂಗಳದಲ್ಲಿ ಪಾಠ ಸಿಕ್ಕಿದ್ದು 2023ರ ನವೆಂಬರ್ 25ರಂದು. ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಬಯಲು ರಂಗಮಂದಿರದಲ್ಲಿ ಸಂಗೀತ ಕಾರ್ಯಕ್ರಮಕ್ಕೆ ಮೊದಲು ಮಳೆ ಬಂದು, ಹೊರಗಿದ್ದವರು ಒಳನುಗ್ಗಿ, ಮೆಟ್ಟಿಲುಗಳ ಮೇಲೆ ಉರುಳಿ ನಾಲ್ವರು ಮೃತಪಟ್ಟರು. ಆ ಘಟನೆಯ ಬಳಿಕ ಬಂದ ಹೊಸ ವರ್ಷಾಚರಣೆಗೆ ಪೊಲೀಸರು ಬಿಗಿ ನಿರ್ಬಂಧಗಳನ್ನು ವಿಧಿಸಿದರು. ಡಿಸೆಂಬರ್ 31ರ ಮಧ್ಯಾಹ್ನದ ನಂತರ ಹೊರಗಿನ ವಾಹನಗಳಿಗೆ ಪ್ರವೇಶ ನಿಷಿದ್ಧವಾಯಿತು. 2024ರ ನೋಟಿಸಿನ ಹಿಂದಿನ ಆತಂಕವನ್ನು ಈ ಹಿನ್ನೆಲೆಯಲ್ಲಿ ಗ್ರಹಿಸಬೇಕು. ಪೊಲೀಸರನ್ನು ಹಬ್ಬದ ವೈರಿಗಳೆಂದು ಜರೆಯುವುದು ಸುಲಭ, ಆದರೆ ನ್ಯಾಯವಲ್ಲ.

ಅಂಕಗಣಿತ ಹೇಳುವುದೇನು

ಭಾವನೆಗಳನ್ನು ಬದಿಗಿಟ್ಟು ಲೆಕ್ಕ ಹಾಕಿದರೆ ಸಮಸ್ಯೆಯ ಗಾತ್ರ ತಿಳಿಯುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ ನಾಲ್ಕು ಮಂದಿ ನಿಂತರೆ ಅದು ಇಕ್ಕಟ್ಟು. ಐದು, ಆರು ದಾಟಿದರೆ ಅಪಾಯ. ಅಲ್ಲಿಂದ ಮುಂದೆ ಗುಂಪು ದ್ರವದಂತೆ ವರ್ತಿಸತೊಡಗುತ್ತದೆ. ವ್ಯಕ್ತಿಯ ಇಚ್ಛೆಗೆ ಅಲ್ಲಿ ಬೆಲೆಯಿಲ್ಲ. ಚದರ ಮೀಟರಿಗೆ ನಾಲ್ವರಂತೆ ಹಿಡಿದರೂ ಒಂದು ಎಕರೆಯಲ್ಲಿ ನಿಲ್ಲಬಹುದಾದವರು ಸುಮಾರು 16 ಸಾವಿರ. ಒಂದು ಲಕ್ಷ ಜನರಿಗೆ ಆರು ಎಕರೆಗೂ ಹೆಚ್ಚು ತೆರವಾದ ಜಾಗ ಬೇಕು. ಅದರಲ್ಲಿ ವೇದಿಕೆ, ಪ್ರತಿಕೃತಿ ಮತ್ತು ಅದರ ಸುತ್ತ ಬಿಡಬೇಕಾದ ಅಂತರ ಸೇರಿಲ್ಲ.

ಹೊರಹೋಗುವ ಲೆಕ್ಕ ಇನ್ನೂ ಕಠಿಣ. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಮಾರ್ಗಸೂಚಿಯ ಪ್ರಕಾರ ಸಮತಟ್ಟಾದ ದಾರಿಯ ಒಂದು ಮೀಟರ್ ಅಗಲದಲ್ಲಿ ನಿಮಿಷಕ್ಕೆ 82 ಮಂದಿಗಿಂತ ಹೆಚ್ಚು ಜನ ಸುರಕ್ಷಿತವಾಗಿ ಸಾಗಲಾರರು. ತಲಾ ಐದು ಮೀಟರ್ ಅಗಲದ ನಾಲ್ಕು ಬೀದಿಗಳು ಸಂಪೂರ್ಣ ತೆರೆದಿವೆಯೆಂದು ಭಾವಿಸಿದರೂ ನಿಮಿಷಕ್ಕೆ 1,640 ಮಂದಿ ಮಾತ್ರ ಹೊರಹೋಗಬಲ್ಲರು. ಒಂದು ಲಕ್ಷ ಜನ ಚದುರಲು ಒಂದು ಗಂಟೆ ಬೇಕು, ಎರಡು ಲಕ್ಷಕ್ಕೆ ಎರಡು ಗಂಟೆ. ನಿಲ್ಲಿಸಿದ ಒಂದು ಕಾರು, ತಳ್ಳುಗಾಡಿಯೊಂದು, ಎದುರಿನಿಂದ ಬರುವ ಆಂಬುಲೆನ್ಸ್ ಈ ಲೆಕ್ಕವನ್ನು ಬುಡಮೇಲು ಮಾಡಬಲ್ಲದು.

ಬೀದಿಯಿಂದ ಪಾರಾದವರು ಹೋಗುವುದೆಲ್ಲಿಗೆ? ಫೋರ್ಟ್ ಕೊಚ್ಚಿ ಭೂಶಿರದ ತುದಿಯಲ್ಲಿದೆ. ಎರ್ನಾಕುಲಂ ಕಡೆಗೆ ರಸ್ತೆಯಲ್ಲಿ ಹೋಗಬೇಕಾದರೆ ತೋಪ್ಪುಂಪಡಿಯ ಸೇತುವೆಗಳನ್ನು ದಾಟಬೇಕು. ವೈಪಿನ್ ದ್ವೀಪಕ್ಕೆ ನೇರ ಸೇತುವೆಯಿಲ್ಲ. ವಾಹನ ಸಾಗಿಸುವ ಎರಡು ರೋ-ರೋ ನೌಕೆಗಳು 2018ರಿಂದ ಓಡುತ್ತಿವೆ. 2024ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಜೆಟ್ಟಿಯಿಂದ ವಾಟರ್ ಮೆಟ್ರೋ ಬಂತು. ಸೊಗಸಾದ ದೋಣಿಗಳೇನೋ ಹೌದು, ಆದರೆ ಒಂದರಲ್ಲಿ ಹಿಡಿಸುವುದು 100 ಜನ. ಹತ್ತು ಬಾರಿ ಓಡಿದರೆ ಸಾವಿರ ಮಂದಿ ದಾಟಿದಂತಾಯಿತು. ಮಧ್ಯರಾತ್ರಿ ಜೆಟ್ಟಿಯ ಮೇಲೆ ಸಾವಿರಾರು ಜನರನ್ನು ಸಾಲು ನಿಲ್ಲಿಸಿ ದೋಣಿಗೆ ಹತ್ತಿಸುವುದು ಬೇರೆಯದೇ ಅಪಾಯ. ಇದೇ ಕಡವಿನಲ್ಲಿ 2015ರ ಆಗಸ್ಟ್ 26ರಂದು ಪ್ರಯಾಣಿಕರ ದೋಣಿಗೆ ಮೀನುಗಾರಿಕಾ ದೋಣಿ ಡಿಕ್ಕಿ ಹೊಡೆದು 11 ಮಂದಿ ಮೃತಪಟ್ಟಿದ್ದರು, ಅದೂ ಹಾಡಹಗಲಿನಲ್ಲಿ. 2023ರ ಮೇ 7ರಂದು ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಜನ ಸತ್ತರು. ಆದುದರಿಂದ ರಾತ್ರಿ ದೋಣಿಗಳ ಸಂಖ್ಯೆ ಹೆಚ್ಚಿಸಿ ಎಂಬ ಬೇಡಿಕೆಗೆ ಅಧಿಕಾರಿಗಳು ಹಿಂಜರಿಯುವುದು ಸಹಜ.

ಬರುವ ದಾರಿಗಳಾದರೋ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಬೆಂಗಳೂರು-ಎರ್ನಾಕುಲಂ ನಡುವೆ 2025ರ ನವೆಂಬರ್ 8ರಂದು ವಂದೇ ಭಾರತ್ ರೈಲು ಆರಂಭವಾಯಿತು. ಕ್ರಿಸ್ಮಸ್ ರಜೆಯಲ್ಲಿ ಬೆಂಗಳೂರಿನಿಂದ ಕೇರಳಕ್ಕೆ ಹೋಗುವ ಬಸ್ಸುಗಳಲ್ಲಿ ಸೀಟು ಸಿಗುವುದೇ ದುರ್ಲಭ ಎಂಬುದನ್ನು ಮಲಯಾಳಿ ಸಹೋದ್ಯೋಗಿಗಳಿರುವ ಯಾರನ್ನು ಕೇಳಿದರೂ ಹೇಳುತ್ತಾರೆ. ಊರಿಗೆ ಹೋಗುವವರ ಜೊತೆಗೆ ಊರು ನೋಡಲು ಹೋಗುವವರೂ ಸೇರಿದ್ದಾರೆ.

ಹೊಣೆ ಯಾರದು

ಕಾರ್ನಿವಲ್ ಸಮಿತಿಗೆ ಫೋರ್ಟ್ ಕೊಚ್ಚಿಯ ಸಬ್ ಕಲೆಕ್ಟರ್ ಅಧ್ಯಕ್ಷರು. ನಮ್ಮ ರಾಜ್ಯದ ಉಪವಿಭಾಗಾಧಿಕಾರಿಗೆ ಸಮನಾದ ಹುದ್ದೆ ಇದು. ಸದಸ್ಯರೆಲ್ಲ ಸ್ಥಳೀಯ ಸಂಘಗಳವರು. ಅಂದರೆ ಹಬ್ಬವನ್ನು ನಡೆಸುವ ಸಮಿತಿಯ ಮುಖ್ಯಸ್ಥರೂ ಶಾಂತಿ ಸುವ್ಯವಸ್ಥೆಯ ಹೊಣೆ ಹೊತ್ತ ಕಂದಾಯ ಅಧಿಕಾರಿಯೂ ಒಬ್ಬರೇ. ಈ ಏರ್ಪಾಟಿಗೆ ಅನುಕೂಲವಿದೆ: ಇಲಾಖೆಗಳನ್ನು ಒಂದೇ ಮೇಜಿನ ಸುತ್ತ ಕೂರಿಸಬಹುದು. ತೊಡಕೂ ಇದೆ: ತಪ್ಪಾದರೆ ಪ್ರಶ್ನಿಸಬೇಕಾದವರು ಯಾರು? ವೆಳಿ ಮೈದಾನದ ಸಂಘಟನೆಗೆ ಸಿಕ್ಕ ನೋಟಿಸಿನಂಥದ್ದು ಪರೇಡ್ ಮೈದಾನಕ್ಕೆ ತಲುಪುವುದು ಸುಲಭವಲ್ಲ.

ಅಲ್ಲಿನವರ ಅಸಮಾಧಾನಕ್ಕೂ ಇದೇ ಕಾರಣ. ಹಬ್ಬವನ್ನು ಹುಟ್ಟುಹಾಕಿದವರು ಕ್ಲಬ್ಬಿನವರು. ಈಗ ಅವರೇ ಅರ್ಜಿ ಹಿಡಿದು ಕಚೇರಿಗಳನ್ನು ಅಲೆಯಬೇಕು. ನಿವಾಸಿಗಳ ಕಷ್ಟ ಮತ್ತೊಂದು ಬಗೆಯದು. ವಾಹನ ನಿರ್ಬಂಧ ಜಾರಿಯಾದ ಮೇಲೆ ರೋಗಿಯನ್ನು ಆಸ್ಪತ್ರೆಗೆ ಸಾಗಿಸುವುದೇ ಸಾಹಸ. ಹೋಂಸ್ಟೇ ಮಾಲೀಕರಿಗೆ ವರ್ಷದ ಅತಿ ದೊಡ್ಡ ವರಮಾನ ಬರುವುದು ಇದೇ ವಾರದಲ್ಲಿ; ಹಬ್ಬ ನಿಂತರೆ ಹೊಟ್ಟೆಗೆ ಪೆಟ್ಟು, ಹಬ್ಬ ಉಕ್ಕಿದರೆ ಬೀದಿಗೆ ಪೆಟ್ಟು.

ಕರ್ನಾಟಕಕ್ಕೆ ಇದು ದೂರದ ಕಥೆಯಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ 11 ಮಂದಿ ಬಲಿಯಾದರು. ಅದರ ಬೆನ್ನಲ್ಲೇ, ಅದೇ ವರ್ಷದ ಆಗಸ್ಟ್‌ನಲ್ಲಿ, ಜನಸಂದಣಿ ನಿಯಂತ್ರಣ ಮಸೂದೆಯನ್ನು ರಾಜ್ಯ ಸರ್ಕಾರ ವಿಧಾನಸಭೆಯಲ್ಲಿ ಮಂಡಿಸಿತು. ಅನುಮತಿ ಪಡೆಯುವ ಮತ್ತು ಅನಾಹುತಕ್ಕೆ ಉತ್ತರ ಹೇಳುವ ಹೊಣೆಯನ್ನು ಸಂಘಟಕರ ಮೇಲೆ ಹೊರಿಸುವುದು ಅದರ ಮುಖ್ಯ ಧೋರಣೆ. ಟಿಕೆಟ್ ಮಾರುವ ಕಂಪನಿಗೆ ಈ ನಿಯಮ ಸಲ್ಲುತ್ತದೆ. ಆದರೆ ನಾಲ್ಕು ಓಣಿಯ ಹುಡುಗರು ಚಂದಾ ಎತ್ತಿ ನಡೆಸುವ ಹಬ್ಬಕ್ಕೆ ಅವರ ಆಹ್ವಾನವೇ ಇಲ್ಲದೆ ಲಕ್ಷ ಜನ ಬಂದರೆ ಸಂಘಟಕರು ಯಾರು? ಸರ್ಕಾರಿ ಅಧಿಕಾರಿಯೇ ಅಧ್ಯಕ್ಷರಾದಾಗ ಹೊಣೆ ಯಾರ ಹೆಗಲಿಗೆ? ಮಂಗಳೂರಿನ ಕರಾವಳಿ ಉತ್ಸವದಂತಹ, ಜಿಲ್ಲಾಡಳಿತವೇ ಮುಂದೆ ನಿಂತು ನಡೆಸುವ ಉತ್ಸವಗಳಿಗೂ ಈ ಪ್ರಶ್ನೆ ಅನ್ವಯಿಸುತ್ತದೆ.

ಒಂದೋ, ಹಲವೋ

ಒಂದೇ ಸ್ಥಳ, ಒಂದೇ ಅಜ್ಜ ಇದ್ದರೆ ಬಂದೋಬಸ್ತು ಸುಲಭ ಎಂಬ ಪೊಲೀಸರ ತರ್ಕ ಸಿಬ್ಬಂದಿಯ ಲೆಕ್ಕದಲ್ಲಿ ಸರಿ. ಜನರ ಲೆಕ್ಕದಲ್ಲಿ ತಪ್ಪು. ಎರಡು ಮೈದಾನಗಳಲ್ಲಿ ಹಂಚಿಹೋಗುತ್ತಿದ್ದ ಗುಂಪನ್ನು ಒಂದರಲ್ಲಿ ತುಂಬಿದರೆ ಪೊಲೀಸರ ಸಂಖ್ಯೆ ಇಮ್ಮಡಿಯಾದೀತು, ಬೀದಿಯ ಅಗಲ ಇಮ್ಮಡಿಯಾಗದು. 2024ರಲ್ಲಿ ನ್ಯಾಯಾಲಯ ಅನುಮತಿ ನೀಡದೇ ಇದ್ದು, ಶೋಕಾಚರಣೆಯೂ ಇಲ್ಲದೇ ಇದ್ದಿದ್ದರೆ ಎಲ್ಲ ಭಾರವೂ ಪರೇಡ್ ಮೈದಾನದ ಮೇಲೆ ಬೀಳುತ್ತಿತ್ತು.

ಅಪಾಯದ ಮೂಲವಿರುವುದು ಒಂದೇ ಜಾಗ, ಒಂದೇ ನಿಮಿಷ ಎಂಬುದರಲ್ಲಿ. ವೆಳಿ ಮೈದಾನದ ದಹನ ಮಧ್ಯರಾತ್ರಿಗೆ ನಡೆದು, ಪರೇಡ್ ಮೈದಾನದಲ್ಲಿ ಸಂಗೀತ ಒಂದೂವರೆ ಗಂಟೆಯವರೆಗೆ ಮುಂದುವರಿದರೆ ಅರ್ಧದಷ್ಟು ಜನ ತಡವಾಗಿ ಹೊರಡುತ್ತಾರೆ. ಪ್ರಸ್ತುತ ನಡೆಯುವುದು ಇದಕ್ಕೆ ತದ್ವಿರುದ್ಧ. ಬೆಂಕಿ ಆರುತ್ತಿದ್ದಂತೆ ಧ್ವನಿವರ್ಧಕ ನಿಲ್ಲಿಸಿ ಜನರನ್ನು ಹೊರದಬ್ಬುವ ಆತುರವನ್ನು ಎಲ್ಲ ಊರುಗಳ ಪೊಲೀಸರೂ ತೋರುತ್ತಾರೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಜನಸಂದಣಿ ನಿರ್ವಹಣೆಗೆಂದೇ 2014ರಲ್ಲಿ ಮಾರ್ಗದರ್ಶಿ ಪ್ರಕಟಿಸಿದೆ. ಎಷ್ಟು ಜನ ಬರುತ್ತಾರೆ, ಎಲ್ಲಿಂದ ಬರುತ್ತಾರೆ, ಹೇಗೆ ಹೋಗುತ್ತಾರೆ ಎಂಬ ಅಂದಾಜಿನಿಂದ ಯೋಜನೆ ಆರಂಭವಾಗಬೇಕು ಎಂಬುದು ಅದರ ಆಶಯ. ಸಿಬ್ಬಂದಿ ಎಷ್ಟು ಎಂಬುದು ಆಮೇಲಿನ ಮಾತು.

ಓಣಿಗಳ ಪುಟ್ಟ ಪಪ್ಪಾಂಜಿಗಳಿಗೆ ಮರ್ಯಾದೆ ಸಿಕ್ಕರೆ ಇನ್ನೂ ಮೇಲು. ಅಗ್ನಿಶಾಮಕ ದಳದ ಸೂಚನೆಯಂತೆ ಎತ್ತರ ಮಿತಿಗೊಳಿಸಿ, ಮಟ್ಟಾಂಚೇರಿಯಿಂದ ತೋಪ್ಪುಂಪಡಿಯವರೆಗೆ ಹತ್ತಿಪ್ಪತ್ತು ಕಡೆ ದಹನಕ್ಕೆ ಅವಕಾಶ ಕೊಟ್ಟು, ಪ್ರವಾಸೋದ್ಯಮ ಇಲಾಖೆ ಅವುಗಳ ನಕ್ಷೆ ಪ್ರಕಟಿಸಿದರೆ ಭೂಶಿರದ ತುದಿಗೆ ಬರಲೇಬೇಕಾದ ಅಗತ್ಯ ಹಲವರಿಗೆ ಇರುವುದಿಲ್ಲ. ದೈತ್ಯ ಅಜ್ಜನ ಆಕರ್ಷಣೆ ಪೂರ್ತಿ ಇಲ್ಲವಾಗದು, ನಿಜ. ಮೊಬೈಲ್ ಕ್ಯಾಮೆರಾಗೆ 50 ಅಡಿಯ ಬೆಂಕಿ ಬೇಕು, ಐದು ಅಡಿಯದಲ್ಲ. ಹತ್ತು ಕಡೆ ಬೆಂಕಿಯೆಂದರೆ ಹಂಚಿನ ಮನೆಗಳ ಊರಿನಲ್ಲಿ ಹತ್ತು ಕಡೆ ಎಚ್ಚರ ಬೇಕೆಂಬ ಆಕ್ಷೇಪವನ್ನೂ ತಳ್ಳಿಹಾಕುವಂತಿಲ್ಲ. ಆದರೆ ಬಕೆಟ್ ನೀರಿನಿಂದ ಆರಿಸಬಹುದಾದ ಬೆಂಕಿಯನ್ನೂ, ಯಾವ ನೀರಿನಿಂದಲೂ ತಡೆಯಲಾಗದ ಜನಪ್ರವಾಹವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಪಪ್ಪಾಂಜಿಯ ಚೌಕಟ್ಟು ಕಟ್ಟುವ ಕೆಲಸ ಡಿಸೆಂಬರ್ ಮಧ್ಯದಲ್ಲಿ ಶುರುವಾಗುತ್ತದೆ. 2024ರಲ್ಲಿ ತೆರವಿನ ನೋಟಿಸ್ ಬಂದದ್ದು ಚೌಕಟ್ಟು ಮೇಲೆದ್ದ ಬಳಿಕ, ತೀರ್ಪು ಬಂದದ್ದು ತಿಂಗಳ ಕೊನೆಯಲ್ಲಿ. ಎಲ್ಲಿ, ಎಷ್ಟು ಎತ್ತರ, ಯಾವ ಬೀದಿ ಒಳಬರಲು, ಯಾವುದು ಹೊರಹೋಗಲು ಎಂಬ ತೀರ್ಮಾನಗಳನ್ನು ನವೆಂಬರಿನಲ್ಲೇ ಕ್ಲಬ್ಬುಗಳ ಎದುರಿಗಿಟ್ಟು ಮುಗಿಸಲು ಹೊಸ ಕಾನೂನಾಗಲೀ ಹೆಚ್ಚುವರಿ ಅನುದಾನವಾಗಲೀ ಬೇಕಿಲ್ಲ. ಸಬ್ ಕಲೆಕ್ಟರ್ ಕಚೇರಿ ಇರುವುದು ಅದೇ ಫೋರ್ಟ್ ಕೊಚ್ಚಿಯಲ್ಲಿ.